ಟೀಚರಮ್ಮನ ತಂತಿ

ಹೋದ ವಾರ ಕಾಯಿ ಕೀಳುವವನು ನಮ್ಮ ಹಿತ್ತಲಿನ ತೆಂಗಿನ ಮರ ಹತ್ತಿ ಒಣಗಿದ ಗರಿಗಳನ್ನು ಕಡಿದು ಕೆಡವುತ್ತಿದ್ದ. ಗರಿಗಳ ಜೊತೆ ಏನೋ ಗಟ್ಟಿಯಾದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಹೋಗಿ ನೋಡಿದರೆ ಒಂದು ಸಣ್ಣ ರಾಟೆ. ಅದಕ್ಕೆ ಸಿಕ್ಕಿಕೊಂಡಿದ್ದ ಪಾಚಿಗಟ್ಟಿದ ನೈಲಾನ್ ಹಗ್ಗ, ಹಗ್ಗದ ತುದಿಯಲ್ಲಿ ಗೇಣುದ್ದ ತಾಮ್ರದ ತಂತಿ. "ಏನಕ್ಕಾ ಇದು, ಮರದ್ ಮೇಲೆ ಯಾರು ಕಟ್ಟಿದ್ರು?" ಅಂತ ಅವನು ಮೇಲಿನಿಂದಲೇ ಕೂಗಿದ. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟೆ. ತಾಮ್ರದ ಕಿಲುಬಿನ ವಾಸನೆ ಬೆರಳಿಗೆ ಹತ್ತಿತು… ನಮ್ಮ ಟೀಚರಮ್ಮನ ಕೈ ಯಾವಾಗಲೂ ಇದೇ ವಾಸನೆ ಹೊಡೆಯುತ್ತಿತ್ತು.

ನಮ್ಮದು ಮಳವಳ್ಳಿ ಪೇಟೆಯಿಂದ ಸ್ವಲ್ಪ ಒಳಗಿರುವ ಬೀದಿ. ನಾನು ಈ ಮನೆಗೆ ಸೊಸೆಯಾಗಿ ಬಂದು, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಕೆಲವು ವರ್ಷಗಳಾಗಿದ್ದವು. ಆಗ ಹಿತ್ತಲ ಗೋಡೆಯ ಆಚೆಗಿದ್ದ ಮೂವತ್ತು ನಲವತ್ತರ ಸೈಟಿನಲ್ಲಿ ಟೀಚರಮ್ಮ ಮನೆ ಕಟ್ಟಿಸಿಕೊಂಡು ಬಂದರು. ಹುಟ್ಟೂರು ಬಸರಾಳಿನ ಕಡೆ. ಬಂಡೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಬೀದಿಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹುಡುಕಿ ಇಟ್ಟುಕೊಂಡಿದ್ದರು. ಅವರನ್ನೇ ಕೇಳಿದವರು ಒಬ್ಬರೂ ಇರಲಿಲ್ಲ, ಅದು ಬೇರೆ ಮಾತು.

ಗೃಹಪ್ರವೇಶದ ಮಾವಿನ ತೋರಣ ಒಣಗುವ ಮೊದಲೇ ಅವರು ಹಿತ್ತಲ ಗೋಡೆಯ ಹತ್ತಿರ ಬಂದು ನಿಂತು ನಮ್ಮ ಅತ್ತೆಯನ್ನು ಕರೆದರು.

"ಅಮ್ಮಾ, ನಿಮ್ಮ ತೆಂಗಿನ ಮರ ಬೇಕಿತ್ತು."

"ಕಾಯಾ?" ಅಂದರು ಅತ್ತೆ.

"ಕಾಯಲ್ಲ ಅಮ್ಮಾ, ಮರವೇ. ಒಂದು ತಂತಿ ಕಟ್ಟಬೇಕು."

ನಮ್ಮ ಕಡೆ ತಂತಿ ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಗದ್ದೆಗೆ ಹಂದಿ ಬರುತ್ತವೆ ಅಂತ ಸುತ್ತ ಬರೀ ತಂತಿ ಎಳೆದು ಕರೆಂಟು ಕೊಟ್ಟು, ಬೆಳಿಗ್ಗೆ ಅದಕ್ಕೆ ಮನುಷ್ಯರೇ ಸಿಕ್ಕಿ ಸತ್ತ ಸುದ್ದಿ ಎಷ್ಟು ಕೇಳಿದ್ದೇವೋ. ಅತ್ತೆ ಸೆರಗು ಬಿಗಿದುಕೊಂಡು, "ಏನವ್ವಾ, ಕರೆಂಟ್ ಅರೀತದಾ ಅದ್ರಲ್ಲಿ? ಮಕ್ಳು ಮರಿ ಓಡಾಡೋ ಜಾಗ ಇದು" ಅಂದರು. ಟೀಚರಮ್ಮ ನಗಲಿಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ತಮ್ಮ ಹತ್ತಿರ ಒಂದು ರೇಡಿಯೋ ಇದೆ, ಕೇಳುವುದಕ್ಕೂ ಆಗುತ್ತದೆ, ಮಾತಾಡುವುದಕ್ಕೂ ಆಗುತ್ತದೆ, ಅದಕ್ಕೆ ಸರ್ಕಾರದ ಲೈಸೆನ್ಸು ಇದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಮಾತಾಡುವಾಗ ತಂತಿ ಮುಟ್ಟಬಾರದು, ಉಳಿದ ಹೊತ್ತಿನಲ್ಲಿ ಅದು ಬಟ್ಟೆ ಒಣಗಿಸುವ ತಂತಿಯಷ್ಟೇ ಸಾಧು.

ತಾಪತ್ರಯ ಇದ್ದದ್ದು ಉದ್ದದಲ್ಲಿ. ಅವರಿಗೆ ಬೇಕಾದ ತಂತಿ ನೂರಮೂವತ್ತು ಅಡಿ. ಮನೆಯನ್ನೂ ಸೇರಿಸಿಕೊಂಡು ಸೈಟೇ ನಲವತ್ತು ಅಡಿ. ಒಂದು ಮೀಟರ್ ಬಟ್ಟೆ ತಂದುಕೊಟ್ಟು ಮೈಕೈ ತುಂಬಿಕೊಂಡವರು ಉದ್ದ ತೋಳಿನ ಬ್ಲೌಸು ಕೇಳುತ್ತಾರಲ್ಲ, ಹಾಗೆ. "ತಂತೀನೇ ಗಿಡ್ಡ ಮಾಡಿಸಿ ಟೀಚರೆ" ಅಂತ ನಾನು ತಮಾಷೆ ಮಾಡಿದೆ. "ಮಾಡಬಹುದು ಕಣಮ್ಮ, ಆದರೆ ಗಿಡ್ಡ ತಂತಿ ರೇಡಿಯೋದ ಬೇರೆ ಬ್ಯಾಂಡಿಗೆ ಆಗುತ್ತೆ. ನನಗೆ ಈ ಬ್ಯಾಂಡೇ ಬೇಕು" ಅಂದರು. ಯಾಕೆ ಅಂತ ಆಗ ಹೇಳಲಿಲ್ಲ.

ಹೇಳಿದ್ದು ಇನ್ನೊಂದು ದಿನ, ಬ್ಲೌಸಿಗೆ ಅಳತೆ ಕೊಡುತ್ತಾ ನಿಂತಿದ್ದಾಗ. ಮೈಸೂರಿನಲ್ಲಿ ಓದುವಾಗ ಅವರಿಗೆ ಮೋರ್ಸ್ ಕಲಿಸಿದ ಗುರುಗಳೊಬ್ಬರಿದ್ದರಂತೆ, ಹಡಗಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು. ಒಂದು ಚಿಕ್ಕ ಸದ್ದು, ಒಂದು ಉದ್ದ ಸದ್ದು, ಆ ಎರಡನ್ನೇ ಜೋಡಿಸಿ ಅಕ್ಷರ ಮಾಡಿ ಮಾತಾಡುವ ವಿದ್ಯೆ. ಗುರುಗಳು ಈಗ ಕಾರವಾರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಸಕ್ಕರೆ ಕಾಯಿಲೆಗೆ ಕಣ್ಣು ಹೋಯಿತು. ಆಮೇಲೆ ಕಿವಿಯೂ ಹೋಯಿತು. ಅಂಗೈ ಮರಗಟ್ಟಿ ಹೋಗಿ, ಎಡಗೈಯ ಎರಡು ಬೆರಳ ತುದಿಯಲ್ಲಿ ಮಾತ್ರ ಸ್ಪರ್ಶ ಉಳಿದಿದೆ. ಆ ಬೆರಳನ್ನು ರೇಡಿಯೋದ ಸ್ಪೀಕರಿನ ಮೇಲೆ ಇಟ್ಟುಕೊಂಡರೆ ಅದು ನಡುಗುವುದು ಗೊತ್ತಾಗುತ್ತದೆ. ಚಿಕ್ಕ ನಡುಕ, ಉದ್ದ ನಡುಕ. ಅದನ್ನೇ ಅಕ್ಷರ ಅಕ್ಷರವಾಗಿ ಓದಿಕೊಂಡು, ತಾವೂ ಹಾಗೇ ಬಡಿದು ಉತ್ತರ ಕಳಿಸುತ್ತಾರೆ. ಅವರು ಬಾಯಿಬಿಟ್ಟು ಮಾತಾಡಬಲ್ಲರು, ಆದರೆ ಲೋಕದವರು ಯಾರಾದರೂ ಅವರಿಗೆ ಒಂದು ಮಾತು ಹೇಳಬೇಕಾದರೆ ಇದ್ದದ್ದು ಅದೊಂದೇ ದಾರಿ. ಮನೆಯಲ್ಲಿ ಆ ವಿದ್ಯೆ ಯಾರಿಗೂ ಬರುತ್ತಿರಲಿಲ್ಲ.

"ಮತ್ತೆ ಆ ಬ್ಯಾಂಡೇ ಯಾಕೆ?" ಅಂದೆ.

"ಅವರ ಸೆಟ್ಟು ಅದೊಂದೇ ಕಡೆ ನಿಂತಿದೆ ಕಣಮ್ಮ. ತಿರುಗುಣಿಗೆ ಅವರೇ ಟೇಪು ಸುತ್ತಿಸಿಬಿಟ್ಟಿದ್ದಾರೆ. ಯಾರಾದರೂ ತಿರುಗಿಸಿದರೆ ಮತ್ತೆ ಹುಡುಕಿಕೊಳ್ಳೋಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಬೆಳಿಗ್ಗೆ ಸೊಸೆ ಸ್ವಿಚ್ಚು ಹಾಕ್ತಾಳೆ, ಅವರು ಬೆರಳಿಡ್ತಾರೆ. ಹಳೆ ಮನೆಯಲ್ಲಿ ಜಾಗ ಇತ್ತು, ಇಲ್ಲಿ ಇಲ್ಲ."

ನನ್ನ ಕೈಯಲ್ಲಿದ್ದ ಟೇಪು ಹಾಗೇ ನಿಂತಿತ್ತು. ಎದೆಸುತ್ತಳತೆ ಮರೆತೇಹೋಗಿ ಮತ್ತೆ ತೆಗೆದುಕೊಂಡೆ.

ಅತ್ತೆಗೆ ಹೇಳಿದೆ. ಅವರು ಕೇಳಿ, "ಪಾಪ… ಕಟ್ಕೊಳ್ಳಿ ಬುಡು. ಆದ್ರೆ ಮರಕ್ಕೆ ಮೊಳೆ ಒಡೀಬಾರ್ದು" ಅಂದರು. ಅಷ್ಟೇ ಷರತ್ತು.

ಆಮೇಲಿನ ನಾಲ್ಕೈದು ಭಾನುವಾರ ನಮ್ಮ ಬೀದಿಗೆಲ್ಲ ಅದೇ ಕೆಲಸ. ಪಂಪ್‌ಸೆಟ್ ಮೋಟರು ಸುತ್ತುವವರ ಅಂಗಡಿಯಿಂದ ತಾಮ್ರದ ತಂತಿ ಬಂತು. ಟೀಚರಮ್ಮನ ತಾರಸಿಯ ನಡುವೆ ಕಬ್ಬಿಣದ ಪೈಪು ನಿಂತಿತು. ಅದರ ತಲೆಯಿಂದ ತಂತಿಯ ಒಂದು ಕೈ ಅವರದೇ ಕಾಂಪೌಂಡಿನ ಮೂಲೆಗೆ ಹೋಗಿ, ಜಾಗ ಸಾಲದೆ ಮಡಚಿ, ಗೇಟಿನವರೆಗೆ ಬಂದು, ಮತ್ತೆ ಮಡಚಿಕೊಂಡಿತು. ಇನ್ನೊಂದು ಕೈ ಗೋಡೆ ದಾಟಿ ನಮ್ಮ ತೆಂಗಿನ ಮರಕ್ಕೆ ಬಂತು. ಬೀದಿಯವರು ಬಂದು ನೋಡಿ, ಟವರು ಹಾಕುತ್ತಿದ್ದಾರೆ, ಇನ್ನು ಗುಬ್ಬಿಗಳೆಲ್ಲ ಸಾಯುತ್ತವೆ ಅಂದರು. ಗುಬ್ಬಿಗಳು ಮಾರನೆಯ ದಿನದಿಂದಲೇ ಆ ತಂತಿಯ ಮೇಲೆ ಸಾಲಾಗಿ ಕೂತವು.

ಮರದ ಕಡೆಯ ಕಟ್ಟು ಮಾತ್ರ ನಾಜೂಕಿನದು. ಮರ ಗಾಳಿಗೆ ಓಲಾಡುತ್ತದೆ, ಪೈಪು ಅಲ್ಲಾಡುವುದಿಲ್ಲ. ಬಿಗಿದು ಕಟ್ಟಿದರೆ ತಂತಿ ಪಟ್ಟನೆ ಹರಿಯುತ್ತದೆ. ಅದಕ್ಕೆ ಮರದ ಮೇಲೆ ರಾಟೆ ಹಾಕಿಸಿ, ತಂತಿಗೆ ಕಟ್ಟಿದ ಹಗ್ಗವನ್ನು ಅದರ ಮೇಲೆ ಹಾಯಿಸಿ, ಹಗ್ಗದ ಈಚೆ ತುದಿಗೆ ಒಂದು ಭಾರ ನೇತುಹಾಕಬೇಕು. ಮರ ಓಲಾಡಿದ ಹಾಗೆ ಭಾರ ಮೇಲೆ ಕೆಳಗೆ ಆಡುತ್ತದೆ, ತಂತಿಗೆ ಎಳೆತ ತಾಗುವುದಿಲ್ಲ. ಪಡವಲಕಾಯಿಗೆ ಕಲ್ಲು ಕಟ್ಟುವುದಿಲ್ಲವೇ, ಅಂಥದೇ ಅಂತ ನಾನು ಅತ್ತೆಗೆ ಬಿಡಿಸಿ ಹೇಳಿದೆ.

ಆಗ ಅತ್ತೆಯೇ ಒಳಕಲ್ಲಿನ ಹತ್ತಿರ ಹೋಗಿ ಗುಂಡುಕಲ್ಲನ್ನು ಉರುಳಿಸಿಕೊಂಡು ಬಂದರು. "ತಕ್ಕೋ ಟೀಚರಮ್ಮ. ಮಿಕ್ಸಿ ಬಂದ್ಮೇಲೆ ಇದ್ನ ಯಾರ್ ಮೂಸ್ತಾರೆ? ನಮ್ಮನೇಲಿ ಇನ್ನು ಇದ್ಕೇನೂ ಕೆಲ್ಸ ಇಲ್ಲ."

ಆ ಕೊನೆಯ ಮಾತು ನನಗೆ ಚುಚ್ಚಿತು. ನಮ್ಮ ಕಡೆ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ, ಮಗುವಿಗಿಂತ ಮುಂಚೆ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತೇವೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ನನ್ನ ಮಗನ ತೊಟ್ಟಿಲ ಶಾಸ್ತ್ರ ತವರುಮನೆ ಸೋಮನಹಳ್ಳಿಯಲ್ಲಿ ಆಗಿತ್ತು. ಈ ಮನೆಯ ಕಲ್ಲು ಕಾದಿದ್ದದ್ದು ನನ್ನ ನಾದಿನಿಯ ಬಾಣಂತನಕ್ಕೆ. ಅವಳಿಗೆ ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಅತ್ತೆ ಆಸೆ ಬಿಟ್ಟಿದ್ದರು. ಆ ಸಂಕಟಕ್ಕೇ ಕಲ್ಲು ಕೊಟ್ಟರು ಅಂತ ಟೀಚರಮ್ಮನಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ.

ಹಾಗೆ ಒಂದು ವರ್ಷದ ಮೇಲೆ ನಡೆಯಿತು. ಬೆಳಿಗ್ಗೆ ನಾನು ಅಂಗಳ ಗುಡಿಸುವ ಹೊತ್ತಿಗೆ ಅವರ ಕಿಟಕಿಯಿಂದ ಕುಂಯ್ ಕುಂಯ್ ಅನ್ನುವ ಸದ್ದು ಬರುತ್ತಿತ್ತು. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು, ಆಮೇಲೆ ಅದು ಕೇಳದಿದ್ದರೆ ಹಾಲು ಕಾಯಿಸುವುದಕ್ಕೂ ಮನಸ್ಸಾಗುತ್ತಿರಲಿಲ್ಲ. "ಇವತ್ತು ಏನು ಹೇಳಿದ್ರಿ ಟೀಚರೆ?" ಅಂತ ಗೋಡೆಯಾಚೆಯಿಂದ ಕೇಳುತ್ತಿದ್ದೆ. "ನಿಮ್ಮ ಎಮ್ಮೆ ಕರು ಹಾಕಿದ್ದು ಹೇಳಿದೆ" ಅನ್ನುತ್ತಿದ್ದರು. ಕಾರವಾರದಲ್ಲಿ ಕೂತ ಒಬ್ಬ ಮುದುಕರಿಗೆ ನಮ್ಮ ಎಮ್ಮೆ ಕರುವಿನ ಬಣ್ಣ ಕೂಡ ಗೊತ್ತಿತ್ತು.

ಆ ಬೇಸಿಗೆಯಲ್ಲಿ ನಾದಿನಿಗೆ ಹೆಣ್ಣುಮಗು ಹುಟ್ಟಿತು, ಗಟ್ಟಿಮುಟ್ಟಾಗಿ. ಅತ್ತೆ ನೆಲದ ಮೇಲೆ ನಡೆದಾಡಲಿಲ್ಲ ಅಂದರೆ ತಪ್ಪಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ನೆಂಟರು. ನಾನು ಒಲೆಯ ಮುಂದೆ ಬೆವರುತ್ತಿದ್ದೆ. ಟೀಚರಮ್ಮ ಉತ್ತರ ಪತ್ರಿಕೆ ತಿದ್ದುವುದಕ್ಕೆ ಮಂಡ್ಯಕ್ಕೆ ಹೋಗಿದ್ದರು. ಹೊರಗೆ ಯಾರೋ, ಗುಂಡುಕಲ್ಲು ಎಲ್ಲಿ ಅಂದರು. ಅತ್ತೆ ಸೀದಾ ಹಿತ್ತಲಿಗೆ ಹೋಗಿ, ಹಗ್ಗ ಬಿಚ್ಚಿ, ಕಲ್ಲನ್ನು ತೊಳೆದು, ಅರಿಸಿನ ಹಚ್ಚಿ ತಂದು ತೊಟ್ಟಿಲಲ್ಲಿ ಮಲಗಿಸಿದರು. ಹಾಡು ಹೇಳುತ್ತಾ ಅವರೇ ತೊಟ್ಟಿಲು ತೂಗಿದರು.

ಮಾರನೆಯ ಸಂಜೆ ಗಾಳಿ ಎದ್ದಿತು. ಮುಂಗಾರಿಗೆ ಮುಂಚಿನ ಗಾಳಿ ನಮ್ಮ ಕಡೆ ಹುಚ್ಚು ಹಿಡಿದ ಹಾಗೆ ಬರುತ್ತದೆ. ಶೀಟುಗಳು ಹಾರಿದವು, ಕರೆಂಟು ಕಂಬಗಳು ಮಲಗಿದವು, ಎಷ್ಟೋ ತೆಂಗಿನ ಮರಗಳು ಸುಳಿ ಮುರಿದುಕೊಂಡವು. ನಮ್ಮದು ಉಳಿಯಿತು. ಬೆಳಿಗ್ಗೆ ನೋಡಿದರೆ ಟೀಚರಮ್ಮನ ತಂತಿ ಎರಡು ತುಂಡಾಗಿ ಗೋಡೆಯ ಮೇಲೆ ಬಿದ್ದಿತ್ತು. ಮಂಡ್ಯದಿಂದ ವಾಪಸಾಗಿದ್ದ ಅವರು ನಮ್ಮ ಹಿತ್ತಲಿಗೆ ಬಂದು ಮರದ ಬುಡ ನೋಡುತ್ತಾ ನಿಂತರು.

"ಅಮ್ಮಾ, ಇಲ್ಲಿ ಕಲ್ಲು ಇತ್ತಲ್ಲ?"

"ತೊಟ್ಲಿಗೆ ಬೇಕಾಯ್ತು ಕಣವ್ವಾ, ಬಿಚ್ಕೊಂಡೆ. ಅಗ್ಗ ಬುಟ್ಟೋಗಬಾರ್ದು ಅಂತ ಮರಕ್ಕೇ ಬಿಗ್ದು ಕಟ್ಟಿವ್ನಿ ನೋಡು, ಎಮ್ಮೆ ಎಳುದ್ರೂ ಬರಾಕಿಲ್ಲ" ಅಂದರು ಅತ್ತೆ, ದೊಡ್ಡ ಉಪಕಾರ ಮಾಡಿದ ಹಾಗೆ.

ಟೀಚರಮ್ಮ ಆ ಗಂಟನ್ನು ಮುಟ್ಟಿ ನೋಡಿದರು. ಒಂದು ಮಾತೂ ಬೈಯಲಿಲ್ಲ. "ಇರಲಿ ಬಿಡಿ ಅಮ್ಮಾ" ಅಂದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ಅವರ ಬದಲು ನಾನು ಬೈದೆ. ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ಒಂದು ಮಾತು ಕೇಳಬಾರದಿತ್ತೇ, ಮೊದಲು ಆ ಕಲ್ಲು ವಾಪಸು ಕಟ್ಟಿ ಅಂದೆ. ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಲ್ಲಿದೆ.

"ತೊಟ್ಲಲ್ಲಿ ಮಲುಗ್ಸಿದ್ ಕಲ್ಲ ಮತ್ತೆ ಕುತ್ಗೆಗೆ ಅಗ್ಗ ಆಕಿ ನೇತಾಕು ಅಂತೀಯಾ? ಆ ಕೂಸು ಎಂಗ್ ಬಂತು ಅಂತ ನಿಂಗೊತ್ತಿಲ್ವಾ?"

ಅವರ ಮಾತಿನಲ್ಲಿ ತಪ್ಪೇನಿತ್ತು? ಟೀಚರಮ್ಮನ ಸಂಕಟದಲ್ಲಿ ತಪ್ಪೇನಿತ್ತು? ಇಬ್ಬರ ನಡುವೆ ಸಿಕ್ಕಿ ನನಗೆ ಸಿಟ್ಟು ಯಾರ ಮೇಲೆ ಮಾಡಬೇಕೋ ಗೊತ್ತಾಗದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಭಾರಕ್ಕೆ ಏನಾದರೂ ಕಟ್ಟಬಹುದಿತ್ತು. ಆದರೆ ರಾಟೆಯಿಂದ ಜಾರಿದ್ದ ಹಗ್ಗವನ್ನು ಮತ್ತೆ ಹಾಯಿಸಲು ಅಲ್ಲಿಯ ತನಕ ಹತ್ತುವವರೇ ಸಿಗಲಿಲ್ಲ. ಕಾಯಿ ಕೀಳುವವರೆಲ್ಲ ಗಾಳಿಗೆ ಬಿದ್ದ ಮರಗಳನ್ನು ಕಡಿಯಲು ಹೋಗಿಬಿಟ್ಟಿದ್ದರು. ಟೀಚರಮ್ಮ ತುಂಡು ತಂತಿಯನ್ನೇ ಸೇರಿಸಿ ಗೋಡೆಯ ಮೇಲೆ ಹಾಸಿ, ಕರೆಂಟಿಲ್ಲದ್ದಕ್ಕೆ ಲಾರಿಯ ಬ್ಯಾಟರಿ ತರಿಸಿ ಪ್ರಯತ್ನಪಟ್ಟರು. ತಗ್ಗಿನ ತಂತಿಯಿಂದ ಸದ್ದು ಕ್ಷೀಣವಾಗಿ ಹೋಗುತ್ತದಂತೆ. ಕಿವಿಯಿದ್ದವರು ಹೇಗೋ ಹೆಕ್ಕಿಕೊಳ್ಳುತ್ತಾರೆ, ಬೆರಳಿಗೆ ಅದು ಸಿಗುವುದಿಲ್ಲ. ಕಾರವಾರಕ್ಕೆ ಫೋನು ಮಾಡಿ, ತಂತಿ ಹರಿದಿದೆ, ಹೇಗಾದರೂ ತಿಳಿಸಿ ಅಂದರು. ಗುರುಗಳ ಸೊಸೆ, "ಹೇಗೆ ತಿಳಿಸೋದು ಅಕ್ಕ? ಅವಳಿಗೆ ಏನಾಯ್ತು ಅಂತ ದಿನಾ ಕೇಳ್ತಾರೆ. ನಾವು ಏನು ಮಾಡಿದರೂ ಗೊತ್ತಾಗಲ್ಲ" ಅಂದರಂತೆ. ಟೀಚರಮ್ಮ ಅದನ್ನು ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಮರದ ತುದಿ ನೋಡುತ್ತಿದ್ದರು.

ಕೊನೆಗೆ ಒಬ್ಬ ಸಿಕ್ಕಿ, ಹತ್ತಿ, ಹಗ್ಗ ಹಾಯಿಸಿದ. ಬಣ್ಣದ ಡಬ್ಬಕ್ಕೆ ಮರಳು ತುಂಬಿ ಭಾರ ಮಾಡಿದೆವು. ಮರಳು ತುಂಬಿದ್ದು ಅತ್ತೆಯೇ, ಯಾರೂ ಹೇಳದೆ. ತಂತಿ ಮೇಲೇರಿತು. ಟೀಚರಮ್ಮ ಕರೆದರು, ಕರೆದರು… ಆ ಕಡೆಯಿಂದ ಏನೂ ಬರಲಿಲ್ಲ. ಫೋನು ಮಾಡಿದರೆ, ಸೆಟ್ಟನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ. ಗುರುಗಳು ಅನ್ನ ಮುಟ್ಟದೆ ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೇ ಬೆರಳಿಟ್ಟು ಕೂತಿರುತ್ತಿದ್ದರಂತೆ. ಕಣ್ಣಿಲ್ಲ, ಕಿವಿಯಿಲ್ಲ, ಈಗ ಬೆರಳೂ ಸತ್ತಿತು ಅಂತ ಅತ್ತರಂತೆ. ಎತ್ತಿಟ್ಟರೆ ಮರೆಯಬಹುದು ಅಂತ ಮನೆಯವರು ಎತ್ತಿಟ್ಟಿದ್ದರು. ಅವರದೂ ಒಳ್ಳೆಯ ಮನಸ್ಸೇ.

ಅವತ್ತೇ ಟೀಚರಮ್ಮ ರಜೆ ಹಾಕಿ ಹೊರಟರು. ರೈಲಿಗೆಂದು ಮದ್ದೂರಿನ ತನಕ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರ ತೋರುಬೆರಳು ತೊಡೆಯ ಮೇಲೆ ಬಡಿಯುತ್ತಲೇ ಇತ್ತು. ಹೇಳಬೇಕಾದ್ದನ್ನು ಕಲಿತುಕೊಳ್ಳುತ್ತಿದ್ದರೋ ಏನೋ.

ವಾಪಸು ಬಂದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಹೇಳಿದರು. ಅವರು ಹೋಗಿ, ಗುರುಗಳ ಎಡಗೈ ಹಿಡಿದು, ಆ ಎರಡು ಬೆರಳ ತುದಿಯ ಮೇಲೆ ತಮ್ಮ ಬೆರಳಿನಿಂದ ಬಡಿದರಂತೆ. ಮುದುಕರು ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು. "ನನ್ನ ಮೇಲೆ ಯಾಕೆ ಸಿಟ್ಟು ಮಾಡಿಕೊಂಡೆ? ನಾನೇನು ತಪ್ಪು ಮಾಡಿದೆ?"

"ಏನು ಹೇಳಿದ್ರಿ?" ಅಂದೆ.

"ತಂತಿ ಹರಿದಿತ್ತು ಅಂದೆ. ಹೇಗೆ ಅಂದರು. ಗಾಳಿಗೆ ಅಂದೆ."

ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಎದ್ದು ಒಳಗೆ ಹೋದರು. ಆ ದಿನ ಸಂಜೆಯವರೆಗೂ ಹೊರಗೆ ಬರಲಿಲ್ಲ.

ಟೀಚರಮ್ಮ ಕಾರವಾರದಲ್ಲಿ ಇನ್ನೊಂದು ಕೆಲಸ ಮಾಡಿ ಬಂದಿದ್ದರು. ಉಳಿದ ರಜೆಯನ್ನೆಲ್ಲ ಕೂತು ಆ ಸೊಸೆಗೆ ಮೋರ್ಸ್ ಅಕ್ಷರಗಳನ್ನು ಕಲಿಸಿದ್ದರು. "ಒಂದು ತಂತಿ ನಂಬಿಕೊಂಡು ಮನುಷ್ಯನನ್ನ ಬಿಡಬಾರದು ಕಣಮ್ಮ. ನನಗೆ ಮುಂಚೆಯೇ ಹೊಳೀಬೇಕಿತ್ತು" ಅಂದರು. ಅಟ್ಟದಿಂದ ಸೆಟ್ಟು ಇಳಿಯಿತು, ಬೆಳಗಿನ ಸದ್ದು ಮತ್ತೆ ಶುರುವಾಯಿತು. ಮುಂದಿನ ವರ್ಷ ಗುರುಗಳು ತೀರಿಕೊಂಡಾಗ ಆ ಸೊಸೆ ಕೊನೆಯ ತನಕ ಅವರ ಬೆರಳಿನ ಮೇಲೆ ಬಡಿದು ಮಾತಾಡುತ್ತಾ ಇದ್ದರಂತೆ. ಸುದ್ದಿ ಬಂದ ದಿನ ಟೀಚರಮ್ಮ ಅಳಲಿಲ್ಲ. ಸ್ಕೂಲಿಗೂ ಹೋಗಲಿಲ್ಲ.

ಆಮೇಲೆಯೂ ಅವರು ಆ ತಂತಿಯನ್ನು ಇಳಿಸಲಿಲ್ಲ. ಯಾರು ಯಾರ ಜೊತೆಗೋ ಮಾತಾಡುತ್ತಿದ್ದರು. ರಿಟೈರ್ ಆದರು, ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ನಾನು ಹೊಲಿದ ಬಟ್ಟೆಗೆ ಕಾಜಾ ಗುಂಡಿ ಹಚ್ಚಿಕೊಡುತ್ತಿದ್ದರು. ಎರಡು ವರ್ಷದ ಹಿಂದೆ ಎದೆಯ ಸೋಂಕು ಅಂತ ಶುರುವಾಯಿತು. ಅವರ ಅಣ್ಣನ ಮಗ ಮೈಸೂರಿನ ಆಸ್ಪತ್ರೆಗೆ ಸೇರಿಸಿದ. ನಾನೂ ಅತ್ತೆಯೂ ನೋಡಲು ಹೋದೆವು. ಗಂಟಲಿಗೆ ಕೊಳವೆ ಹಾಕಿದ್ದರು, ಮಾತು ಇಲ್ಲ. ಪೆನ್ನು ಕೊಟ್ಟು ನೋಡಿದರಂತೆ, ಹಿಡಿಯುವ ಶಕ್ತಿಯಿಲ್ಲದೆ ಜಾರಿ ಬಿದ್ದಿತಂತೆ. ಕಣ್ಣು ಮಾತ್ರ ನಮ್ಮನ್ನು ಗುರುತು ಹಿಡಿಯಿತು.

ನಾನು ಕೈ ಹಿಡಿದುಕೊಂಡೆ. ಅವರ ತೋರುಬೆರಳು ನನ್ನ ಅಂಗೈಯಲ್ಲಿ ಅಲ್ಲಾಡತೊಡಗಿತು. ನರ್ಸು, "ನಡುಕ ಅದು, ಔಷಧಿಗೆ ಹಾಗೆ ಆಗುತ್ತೆ" ಅಂದಳು. ಅತ್ತೆ ಬಗ್ಗಿ ನೋಡಿ, "ನಡುಕ ಅಲ್ಲ ಕಣವ್ವಾ. ಅವ್ರು ಮಾತಾಡ್ತಾವ್ರೆ" ಅಂದರು.

ಹೌದು, ಮಾತಾಡುತ್ತಿದ್ದರು. ಚಿಕ್ಕದು, ಉದ್ದದ್ದು, ನಡುವೆ ಬಿಡುವು. ಮತ್ತೆ ಮೊದಲಿನಿಂದ. ನನ್ನ ಮುಖವನ್ನೇ ನೋಡುತ್ತಾ ಅದನ್ನೇ ಹೇಳುತ್ತಿದ್ದರು, ಅರ್ಥವಾಯಿತಾ ಅನ್ನುವ ಹಾಗೆ. ಅಷ್ಟು ವರ್ಷ ಅದೇ ಸದ್ದಿಗೆ ಎದ್ದವರು ನಾವು. ಗುರುಗಳಿಗೆ ಆ ವಿದ್ಯೆ ಬಲ್ಲ ಒಬ್ಬರನ್ನು ಮಾಡಿಟ್ಟು ಬಂದ ಈ ಪುಣ್ಯಾತ್ಗಿತ್ತಿಗೆ ನಮ್ಮ ಬೀದಿಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ. "ಹೂಂ ಟೀಚರೆ, ಹೂಂ" ಅಂತ ಸುಮ್ಮನೆ ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತಾಗದೆ ಇರುತ್ತದೆಯೇ.

ಒಳಗೆ ಮೊಬೈಲು ಬಿಡುತ್ತಿರಲಿಲ್ಲ. ಹೊರಗೆ ಓಡಿಬಂದು, ಅವರ ಅಣ್ಣನ ಮಗನಿಂದ ಕಾರವಾರದ ಆ ಸೊಸೆಯ ನಂಬರು ಇಸಿದುಕೊಂಡು, ಡಾಕ್ಟರ ಕೈಕಾಲು ಹಿಡಿದು ಆ ಬೆರಳಾಟವನ್ನು ಅವರಿಗೆ ತೋರಿಸಲೆಂದು ಸಂಜೆ ಫೋನು ಒಳಗೆ ಒಯ್ಯಲು ಒಪ್ಪಿಸಿದೆ. ಸಂಜೆ ಒಳಗೆ ಬಿಡುವ ಹೊತ್ತಿಗೆ ಬೆರಳು ನಿಂತಿತ್ತು. ಮಾರನೆಯ ದಿನ ಉಸಿರೂ ನಿಂತಿತು.

ತಿಥಿ ಕಳೆದ ಮೇಲೆ ಆ ಸೊಸೆಗೆ ಫೋನು ಮಾಡಿದೆ. ನೆನಪಿದ್ದಷ್ಟನ್ನು ಬಡಿದು ತೋರಿಸಿ ಅಕ್ಕ ಅಂದರು. ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಬಡಿದೆ. ಇನ್ನೊಂದು ಸಲ ಅಂದರು, ಬಡಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಹೊಂದಲಿಲ್ಲ. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಮತ್ತೆ ಬಡಿದೆ. ಆಮೇಲೆ, "ಅಕ್ಷರ ಆಗ್ತಾ ಇಲ್ಲ ಅಕ್ಕ" ಅಂದರು. ಅವರೂ ಅಳುತ್ತಿದ್ದರು.

ಅತ್ತೆಗೆ ಈಗ ಮರೆವು ಜಾಸ್ತಿ. ನನ್ನ ಹೆಸರೇ ಕೆಲವು ಸಲ ತಪ್ಪುತ್ತದೆ. ಆದರೆ ಹಿತ್ತಲ ಬಾಗಿಲಲ್ಲಿ ಕೂತವರು ಇದ್ದಕ್ಕಿದ್ದ ಹಾಗೆ ನನ್ನನ್ನು ಕರೆದು, "ಟೀಚರಮ್ಮ ಅವತ್ತು ಏನಂದ್ರು, ಗೊತ್ತಾಯ್ತಾ?" ಅನ್ನುತ್ತಾರೆ.

"ಇಲ್ಲ ಅತ್ತೆ" ಅನ್ನುತ್ತೇನೆ.